ಹೊಗೆ ಗಾಡಿ ಮುಂದೆ ನಂದೊಂದು ಫೋಟೋ

ನಮ್ಮ ಬಿಲ್ಡಿಂಗಲ್ಲಿ ಒಂದು ಮನೇಗೆ ಹೊಸದೇನಾದ್ರೂ ಬಂತು ಅಂದ್ರೆ ಸಾಕು, ಇನ್ನೊಂದು ಮನೇಲಿ ಒಂದು ಎಡವಟ್ಟು ಆಗೇ ಆಗ್ತದೆ. ಕೆಳಗಡೆ ಮನೆಯೋರು ವಾಷಿಂಗ್ ಮಷೀನ್ ತಂದ್ರು. ಅವ್ರ ಪಕ್ಕದ ಮನೆಯೋರು ಅದಕ್ಕಿಂತ ದೊಡ್ಡದು ತಂದ್ರು. ಅದು ಬಾಗ್ಲಲ್ಲಿ ತೂರ್ಲಿಲ್ಲ, ಒಂದು ವಾರ ಮೆಟ್ಲು ಮೇಲೇ ಇಟ್ಕೊಂಡು ಬಟ್ಟೆ ಒಗೆದ್ರು. ಇಂಥಾವು ನೋಡಿ ನಗೋಳು ನಾನು. ಈ ಸಲ ನಗೋ ಪಾಳಿ ಬೇರೆಯೋರ್ದಾಯ್ತು.

ನಾವಿರೋದು ಹೆಬ್ಬಗೋಡೀಲಿ, ಎರಡನೇ ಮಹಡಿ. ನಂದು ದೋಸೆ ಹಿಟ್ಟಿನ ವ್ಯಾಪಾರ. ಓದಿದ್ದು ಆರನೇ ಕ್ಲಾಸು, ರುಬ್ಬಿದ್ದು ಇಪ್ಪತ್ತು ವರ್ಷ. ನಮ್ಮೆಜಮಾನ್ರು ಮರಗೆಲಸ ಮಾಡ್ತಾರೆ. ನಮ್ಮ ಬಾಗ್ಲಿಗೂ ಎದುರು ಮನೆ ಬಾಗ್ಲಿಗೂ ನಾಕೇ ಅಡಿ. ಅಲ್ಲಿರೋದು ದಾವಣಗೆರೆ ಕಡೆ ಗಂಡ ಹೆಂಡ್ತಿ. ಅವ್ನು ಎಲೆಕ್ಟ್ರಾನಿಕ್ ಸಿಟಿ ಫ್ಯಾಕ್ಟ್ರೀಲಿ ಕ್ವಾಲಿಟಿ ಸಾರು, ರಜಾ ದಿನ ಕ್ಯಾಮೆರಾ ಸಾರು. ಅವ್ರ ಹಾಲಲ್ಲಿ, ಸೋಫಾ ಮೇಲಿನ ಗೋಡೇಲಿ, ಬಾಗ್ಲಷ್ಟು ದೊಡ್ಡ ಒಂದು ಫೋಟೋ. ಜಲಪಾತದ ಮುಂದೆ ಅವ್ಳು ಕೂದಲು ಹಾರಿಸ್ಕೊಂಡು ನಿಂತವ್ಳೆ.

ನನ್ನ ಹತ್ರ ಹಿಟ್ಟು ತಗೊಳ್ಳೋಕೆ ಬರೋರೆಲ್ಲ ಡಬ್ಬ ನನ್ನ ಕಡೆ ಚಾಚ್ತಾರೆ, ಕತ್ತು ಮಾತ್ರ ಆ ಕಡೆ. 'ಅಯ್ಯೋ, ಎಷ್ಟ್ ಚೆನ್ನಾಗೈತೆ ಅಲ್ವಾ ಅಕ್ಕಾ ಫೋಟೋ!' ಅಂತ ನನ್ನೇ ಕೇಳ್ತಾರೆ. ಹಿಟ್ಟು ನಂದು, ಹೊಗಳಿಕೆ ಅವ್ಳಿಗೆ. ಎಷ್ಟು ದಿನ ಅಂತ ತಡ್ಕೊಳ್ಳೋದು? ನನ್ನ ಹಾಲಲ್ಲೂ ಅಂಥದ್ದೊಂದು ಬರ್ಬೇಕು, ಅವ್ಳದ್ದಕ್ಕಿಂತ ಒಂದು ಬೆರಳಷ್ಟಾದ್ರೂ ದೊಡ್ಡದಿರ್ಬೇಕು ಅಂತ ತೀರ್ಮಾನ ಮಾಡ್ದೆ. ಕಷ್ಟ ಏನಪ್ಪಾ ಅಂದ್ರೆ, ಫೋಟೋ ತೆಗೆಯೋನು ಅವ್ಳ ಗಂಡನೇ.

ಜೇಡರ ಬಲೆ

ಮೊದ್ಲು ಅಳತೆ ಬೇಕಲ್ಲ. ಒಂದಿನ ಬಟ್ಲು ವಾಪಸ್ ಕೊಡೋ ನೆಪದಲ್ಲಿ ಅವ್ರ ಮನೇಗೆ ಹೋದೆ. ಅವ್ಳು 'ಕೂತ್ಕೊಳ್ಳಿ ಅಕ್ಕ, ಟೀ ಇಡ್ತೀನಿ' ಅಂತ ಒಳಗೆ ಹೋದ್ಲು. ನಾನು ಸೋಫಾ ಮೇಲೆ ಹತ್ತಿ ಗೇಣು ಹಾಕ್ತಾ ಬಂದೆ. ಒಂದು, ಎರಡು, ಮೂರು... ಆರನೇ ಗೇಣಿಗೆ ಅವ್ಳು ಹಿಂದೆ ಬಂದು ನಿಂತವ್ಳೆ.

'ಏನಕ್ಕ, ಸೋಫಾ ಮೇಲೆ?'

ನನ್ನ ಬಾಯಿ ಎಂದೂ ಸೋತಿಲ್ಲ. 'ಜೇಡರ ಬಲೆ ಕಣಮ್ಮ, ಫೋಟೋ ಹಿಂದುಗಡೆ. ಇಷ್ಟ್ ಚೆಂದದ ಫೋಟೋಗೆ ಬಲೆ ಕಟ್ಟೈತಲ್ಲ ಅಂತ ಹೊಟ್ಟೆ ಉರೀತು' ಅಂದೆ.

'ಅಯ್ಯೋ, ಎಷ್ಟು ಒಳ್ಳೇವ್ರು ಅಕ್ಕ ನೀವು!' ಅಂತ ಒಳಗಿಂದ ಉದ್ದನೇ ಕೋಲು ಪೊರಕೆ ತಂದು ಕೈಗೆ ಕೊಟ್ಲು. 'ಫ್ಯಾನ್ ಮೇಲೂ ಇದೆ, ದೇವರ ಮನೇಲೂ ಇದೆ. ನಂಗೆ ಧೂಳು ಅಂದ್ರೆ ಆಗಲ್ಲ.'

ಆರೂವರೆ ಗೇಣು ಅಂತ ಗೊತ್ತಾಗೋಕೆ ನಾನು ಅವ್ಳ ಮೂರು ಕೋಣೆ ಬಲೆ ಹೊಡ್ದೆ.

ಸೀಟ್ ಬೆಲ್ಟು

ಒಂದಿನ ಸಾರೇ ಬಂದು ಹೇಳಿದ್ರು: 'ಅಕ್ಕಾ, ನೀಲಗಿರೀಲಿ ಸಣ್ಣ ಹಳಿ ಮೇಲೆ ಹೊಗೆ ಬಿಡೋ ಹಳೇ ಇಂಜಿನ್ ಇನ್ನೂ ಓಡತ್ತೆ. ನ್ಯಾರೋ ಗೇಜು. ಕಾಡು ಮಧ್ಯೆ ಒಂದು ಸ್ಟೇಷನ್ ಇದೆ, ಅಲ್ಲಿ ಯಾರೂ ಹತ್ತಲ್ಲ, ಇಳಿಯಲ್ಲ. ಇಂಜಿನ್ನಿಗೆ ನೀರು ಕುಡಿಸೋಕೆ ಮಾತ್ರ ಗಾಡಿ ನಿಲ್ಲತ್ತೆ. ಫೋಟೋ ತೆಗೆಯೋಕೆ ಹೋಗ್ತಿದೀವಿ, ಕಾರಲ್ಲಿ ಜಾಗ ಇದೆ, ಬರ್ತೀರಾ?'

ಜಲಪಾತ ಎಲ್ರ ಮನೇಲೂ ಐತೆ. ಹೊಗೆ ಗಾಡಿ ಯಾರ ಮನೇಲೈತೆ? 'ನಂದೂ ನಮ್ಮೆಜಮಾನ್ರದೂ ಜೋಡಿ ಫೋಟೋ ಒಂದು ಇಂಜಿನ್ ಮುಂದೆ ತೆಕ್ಕೊಡ್ತೀರಾ ಸಾರ್?' ಅಂದೆ. 'ಒಂದಲ್ಲ, ಹತ್ತು ತೆಗಿತೀನಿ' ಅಂದ್ರು. ಅವತ್ತೇ ನಮ್ಮೆಜಮಾನ್ರ ಕೈಲಿ ಗೋಡೆಗೆ ಮೊಳೆ ಹೊಡೆಸ್ದೆ. ಹಿಟ್ಟಿಗೆ ಬಂದೋರಿಗೆಲ್ಲ ಮೊಳೆ ತೋರಿಸಿ, 'ಮುಂದಿನ ವಾರ ಬಂದು ನೋಡಿ' ಅಂತ ಸಾರ್ದೆ. ಇನ್ನು ಬರೀಗೈಲಿ ವಾಪಸ್ ಬಂದ್ರೆ ಹೆಬ್ಬಗೋಡೀಲಿ ತಲೆ ಎತ್ಕೊಂಡು ತಿರುಗೋ ಹಂಗಿಲ್ಲ.

ಶನಿವಾರ ಬೆಳಿಗ್ಗೆ ಹೊರಟ್ವಿ. ಸಾರು ಡ್ರೈವಿಂಗು, ಅವ್ಳು ಪಕ್ಕದಲ್ಲಿ. ನಡು ಸೀಟಲ್ಲಿ ನಾನು, ಮಹಡಿ ಮೇಲಿನ ರೂಮಿನ ಟರ್ನರ್ ಅಣ್ಣ, ನಮ್ಮಿಬ್ರ ಮಧ್ಯೆ ಕ್ಯಾಮೆರಾ ಬ್ಯಾಗು. ಟರ್ನರ್ ಅಣ್ಣ ಗದಗಿನ ಕಡೆಯೋನು, ಲೇತ್ ಮಷೀನ್ ಮೇಲೆ ಕೆಲ್ಸ, ಮಷೀನ್ ಅಂದ್ರೆ ಪ್ರಾಣ. ನಮ್ಮೆಜಮಾನ್ರಿಗೆ ಸಿಕ್ಕಿದ್ದು ಡಿಕ್ಕಿ ಹತ್ರದ ಮಡಚೋ ಸೀಟು, ಅವ್ಳ ಮೂರು ಸೂಟ್‌ಕೇಸಿನ ಜೊತೆ.

ಅತ್ತಿಬೆಲೆ ಹತ್ರ ಸಾರು ತಿರುಗಿ ನೋಡಿ, 'ಅಕ್ಕಾ, ಕ್ಯಾಮೆರಾಗೆ ಬೆಲ್ಟ್ ಹಾಕಿದೀರಾ?' ಅಂದ್ರು. ಹಾಕ್ದೆ. ಅಲ್ಲಿಂದ ಸೇಲಂವರೆಗೂ ಕ್ಯಾಮೆರಾ ಮಹಾರಾಜನ ಥರ ಕೂತಿತ್ತು, ನಮ್ಮೆಜಮಾನ್ರು ಪ್ರತಿ ಹಂಪಲ್ಲೂ ತಲೆ ಹೊಡ್ಸ್ಕೊಂಡ್ರು.

'ಮುಂದಿನ ಜನ್ಮದಲ್ಲಿ ಕ್ಯಾಮೆರಾ ಆಗಿ ಹುಟ್ಬೇಕು ಕಣೇ' ಅಂದ್ರು ಹಿಂದಿಂದ.

'ಅದಕ್ಕೂ ಒಳಗಡೆ ಏನಾದ್ರೂ ಇರ್ಬೇಕು ರೀ' ಅಂದೆ. 'ಖಾಲಿ ಡಬ್ಬಕ್ಕೆ ಯಾರೂ ಬೆಲ್ಟ್ ಹಾಕಲ್ಲ.'

ಟೇಪು

ರಾತ್ರಿ ಬೆಟ್ಟದ ಕೆಳಗೆ ಲಾಡ್ಜಲ್ಲಿದ್ದು, ಬೆಳಿಗ್ಗೆ ಘಾಟ್ ರೋಡಲ್ಲಿ ಕಾರು ನಿಲ್ಸಿ ಕಾಲುದಾರೀಲಿ ಇಳಿದ್ವಿ. ಸ್ಟೇಷನ್ ಅಂದ್ರೆ ನಮ್ಮ ಬಸ್ ಸ್ಟಾಪಿಗಿಂತ ಸ್ವಲ್ಪ ದೊಡ್ಡದು. ಸುತ್ತ ಕಾಡು, ಕೋತಿಗಳು, ಒಂದು ನೀರಿನ ಟ್ಯಾಂಕು. ಇಂಜಿನ್ನಿಗೆ ನೀರು ಬಿಡೋಕೆ ಒಬ್ಬ ಅಣ್ಣ. ಅವ್ನ ತಾಯಿ ಗುಂಡ್ಲುಪೇಟೆಯೋಳಂತೆ, ಕನ್ನಡ ಚೆನ್ನಾಗಿ ಬರ್ತಿತ್ತು.

ಸಾರು ದಾರಿ ಉದ್ದಕ್ಕೂ ನಮ್ಗೆ ಪಾಠ ಮಾಡ್ಕೊಂಡೇ ಬಂದಿದ್ರು. ನ್ಯಾರೋ ಗೇಜು ಅಂದ್ರೆ ಇಂಗೆ, ನ್ಯಾರೋ ಗೇಜು ಅಂದ್ರೆ ಅಂಗೆ. ಅವ್ಳು ಬೇರೆ 'ನಮ್ಮೆಜಮಾನ್ರಿಗೆ ಎಲ್ಲಾ ಗೊತ್ತು ಅಕ್ಕ' ಅಂತ ನಡುನಡುವೆ ಒಗ್ಗರಣೆ. ಹಳಿ ಪಕ್ಕ ನಿಂತು ಮತ್ತೆ ಶುರು ಮಾಡಿದ್ರು.

ನೀರಿನ ಅಣ್ಣ ಮೆಲ್ಲಗೆ, 'ಸಾರ್, ಇದು ನ್ಯಾರೋ ಅಲ್ಲ. ಮೀಟರ್ ಗೇಜು' ಅಂದ.

ನಂಗೆ ತಣ್ಣನೇ ಮಜ್ಜಿಗೆ ಕುಡ್ದಂಗಾಯ್ತು.

ಸಾರು ಒಪ್ಪಲಿಲ್ಲ. ನಮ್ಮೆಜಮಾನ್ರ ಜೇಬಲ್ಲಿ ಅಳತೆ ಟೇಪು ಯಾವಾಗ್ಲೂ ಇರ್ತದೆ, ಮದುವೆ ಮನೇಗೆ ಹೋದ್ರೂ ಇರ್ತದೆ. ಕೂತ್ಕೊಂಡು ಹಳಿಯಿಂದ ಹಳಿಗೆ ಟೇಪ್ ಎಳೆದ್ರು. 'ಸರ್ಯಾಗಿ ಒಂದು ಮೀಟ್ರು ಸಾರ್. ನೂಲು ಹೆಚ್ಚಿಲ್ಲ, ನೂಲು ಕಮ್ಮಿ ಇಲ್ಲ.' ಮದುವೆ ಆದಾಗಿಂದ ಆ ಮನುಷ್ಯನ ಮೇಲೆ ನಂಗೆ ಅಷ್ಟು ಪ್ರೀತಿ ಬಂದಿರ್ಲಿಲ್ಲ.

'ಅದೇ ಅಕ್ಕ, ದೊಡ್ಡ ಹಳಿಗಿಂತ ಕಮ್ಮಿ ಇದ್ರೆ ಎಲ್ಲಾನೂ ನ್ಯಾರೋ ಅಂತಾನೇ ಲೆಕ್ಕ' ಅಂದ್ರು ಸಾರು.

'ಅಂಗಾದ್ರೆ ನಿಮ್ಮ ಮನೆ ಹಾಲೂ ನ್ಯಾರೋನೇ ಬಿಡಿ ಸಾರ್' ಅಂದೆ.

ಬಾವುಟದೋನು

ಗಾಡಿ ಬರೋ ಹೊತ್ತಾಯ್ತು. ಸಾರು ಪ್ಲಾಟ್‌ಫಾರಂ ಮೇಲ್ಗಡೆ ತುದೀಲಿ ಮೂರು ಕಾಲಿನ ಸ್ಟ್ಯಾಂಡ್ ಹಾಕಿದ್ರು. 'ಇಂಜಿನ್ ಇಲ್ಲೇ ಬಂದು ನಿಲ್ಲತ್ತೆ. ನಾನು ನೂರು ವಿಡಿಯೋ ನೋಡಿದೀನಿ.' ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಹೆಂಡ್ತೀನ ನಿಲ್ಸಿದ್ರು. ನಾನು ಅವ್ಳಿಗಿಂತ ಅರ್ಧ ಅಡಿ ಮುಂದೆ ನಿಂತೆ. ಅವ್ಳು ನನಗಿಂತ ಅರ್ಧ ಅಡಿ ಮುಂದೆ ಬಂದ್ಲು. ಇಂಗೇ ಇಬ್ರೂ ಅರ್ಧರ್ಧ ಅಡಿ ಬಂದು ಬಂದು ಕ್ಯಾಮೆರಾ ದಾಟಿ ಹೋಗಿದ್ವಿ. ಸಾರು 'ಹಿಂದೆ ಹೋಗ್ರೀ' ಅಂತ ಕೂಗಿದ್ರು.

ಮೊದ್ಲು ಸದ್ದು ಬಂತು, ಆಮೇಲೆ ಹೊಗೆ. ತಿರುವಲ್ಲಿ ಗಾಡಿ ಕಾಣಿಸ್ತು. ಮುಂದೆ ನೋಡಿದ್ರೆ ಇಂಜಿನ್ನೇ ಇಲ್ಲ! ಬರೀ ಡಬ್ಬಿ. ಅದ್ರ ಮೂತೀಲಿ ಹಸಿರು ಬಾವುಟ ಹಿಡ್ಕೊಂಡು ಒಬ್ಬ ನಿಂತವ್ನೆ. ಸಾರು ಗಾಬರೀಲಿ ಒತ್ತಿದ್ರು ಟಕ ಟಕ ಟಕ ಅಂತ. ಇಂಜಿನ್ನು ಕಡೇ ಡಬ್ಬಿ ಹಿಂದೆ, ಪ್ಲಾಟ್‌ಫಾರಂನ ಆ ತುದೀಲಿ ನಿಂತು ಬುಸುಗುಡ್ತಾ ಐತೆ.

ನೀರಿನ ಅಣ್ಣ ಪೈಪ್ ಹಿಡ್ಕೊಂಡು ಅಂದ: 'ಬೆಟ್ಟ ಹತ್ತೋವಾಗ ಇಂಜಿನ್ ಹಿಂದೆ ಇರ್ತದೆ ಸಾರ್, ತಳ್ಕೊಂಡು ಬರ್ತದೆ. ಡಬ್ಬಿ ಕೆಳಕ್ಕೆ ಜಾರ್ಬಾರ್ದಲ್ಲ. ನೀವು ನೋಡಿದ್ದು ಇಳಿಯೋ ಗಾಡಿ ವಿಡಿಯೋ ಇರ್ಬೇಕು.'

ಎಲ್ಲಾ ಗೊತ್ತಿರೋ ಸಾರು ಕ್ಯಾಮೆರಾ ನೋಡ್ತಾರೆ, ಅದ್ರಲ್ಲಿ ಅವ್ರ ಹೆಂಡ್ತಿ ನಗ್ತಾ ನಿಂತವ್ಳೆ, ಪಕ್ಕದಲ್ಲಿ ಬಾವುಟದೋನು ಅವ್ಳಿಗಿಂತ ಚೆನ್ನಾಗಿ ನಗ್ತಾವ್ನೆ.

'ಜೋಡಿ ಚೆನ್ನಾಗೈತೆ ಸಾರ್' ಅಂದೆ. 'ಇದಕ್ಕೂ ಒಂದು ಫ್ರೇಮ್ ಹಾಕ್ಸಿ.'

ಇಂಜಿನ್ ಪೂಜೆ

ಹತ್ತು ನಿಮಿಷ ನಿಲ್ತದೆ ಗಾಡಿ. ಎಲ್ರೂ ಹಿಂದಕ್ಕೆ ಓಡಿದ್ವಿ. ಇಂಜಿನ್ ಮುಂದೆ ನಾನು ಸೆರಗು ಸರಿ ಮಾಡ್ಕೊಂಡು ನಿಲ್ತೀನಿ, ಅಷ್ಟ್ರಲ್ಲಿ ಟರ್ನರ್ ಅಣ್ಣ ಅಡ್ಡ ಬಂದ.

'ತಡೀರಿ ಅಕ್ಕಾರ. ಪೂಜಿ ಮಾಡ್ಲಾರ್ದ ಮಷೀನ್ ಮುಂದ ಫೋಟೋ ತಗೀಬಾರ್ದು.'

ಕೈಚೀಲದಿಂದ ಒಂದೊಂದೇ ತೆಗೆದ. ವಿಭೂತಿ, ಕುಂಕುಮ, ಚೆಂಡು ಹೂವಿನ ಹಾರ, ನಿಂಬೆಹಣ್ಣು, ಕರ್ಪೂರ, ತೆಂಗಿನಕಾಯಿ. ಹೆಬ್ಬಗೋಡಿಯಿಂದ ಹೊತ್ಕೊಂಡು ಬಂದವ್ನೆ! ಅವ್ನ ಫ್ಯಾಕ್ಟ್ರೀಲಿ ಆಯುಧ ಪೂಜೆ ದಿನ ಅವ್ನೇ ಪೂಜಾರಿಯಂತೆ. ಇಂಜಿನ್ನಿನ ಸರಳುಗಳು ಹಿಂದೆ ಮುಂದೆ ಆಡೋ ಜಾಗ ನೋಡಿ ಅವ್ನ ಕಣ್ಣಲ್ಲಿ ನೀರು. 'ಎವ್ವಾ, ನೂರು ವರ್ಷದ ಮುದುಕಿ ಇದ್ದಂಗ ಐತಿ, ಇನ್ನೂ ದುಡೀತೈತ್ರಿ!'

ಡ್ರೈವರ್ ತಮಿಳಲ್ಲಿ ಬೈಯ್ಯೋಕೆ ಶುರು ಮಾಡ್ದ. ಟರ್ನರ್ ಅಣ್ಣ ಕೇಳಿಸ್ಕೊಳ್ಳೇ ಇಲ್ಲ, ಇಂಜಿನ್ನಿಗೆ ಮೂರು ಬೆರಳಲ್ಲಿ ವಿಭೂತಿ ಬಳಿದ, ಕುಂಕುಮ ಇಟ್ಟ, ಹಾರ ಹಾಕ್ದ. ಹಾರ ಬೀಳ್ತಿದ್ದಂಗೆ ಡ್ರೈವರ್ ಬಾಯಿ ಮುಚ್ಚಿ ಟೋಪಿ ತೆಗೆದ. ಕರ್ಪೂರ ಹಚ್ಚಿದ ಮೇಲೆ ಅವ್ನೇ ಇಳಿದು ಬಂದು ಆರತಿ ತಗೊಂಡ. ಅವ್ನ ಹಿಂದೆ ಬೆಂಕಿ ಹಾಕೋನು, ಅವ್ನ ಹಿಂದೆ ಗಾರ್ಡು.

ಗಾಡಿಯೊಳಗಿನ ಜನ ಇದು ದಿನಾ ನಡೆಯೋ ಪೂಜೆ ಅಂದ್ಕೊಂಡ್ರು. ದಡದಡ ಅಂತ ಇಳಿದು ಸಾಲು ನಿಂತೇ ಬಿಟ್ರು. ಒಂದು ಅಜ್ಜಿ ಚಪ್ಪಲಿ ಬಿಟ್ಟು ಬಂದ್ಲು. ಇನ್ನೊಬ್ಬ ನೀರಿನ ಅಣ್ಣನ ಮುಂದೆ ಬಗ್ಗಿ ಬೊಗಸೆ ಒಡ್ದ, ತೀರ್ಥಕ್ಕೆ. ಆ ಅಣ್ಣ ಪಾಪ, ಕೈ ಅಗಲದ ಪೈಪ್ ಹಿಡ್ಕೊಂಡು, 'ಇದು ಬೇಡ ಸಾರ್, ನೀವೇ ತೇಲಿ ಹೋಗ್ತೀರ' ಅಂತಾವ್ನೆ. ನಮ್ಮೆಜಮಾನ್ರು ಒಡೆದ ತೆಂಗಿನಕಾಯಿ ನೆಲ ಮುಟ್ಲೇ ಇಲ್ಲ, ಎರಡು ಹೋಳೂ ಎರಡು ಕೋತಿ ಪಾಲು.

ಹತ್ತು ನಿಮಿಷ ಮುಗೀತು. ಗಾರ್ಡ್ ಸೀಟಿ ಊದಿದ. ಹೊರಡೋ ಮುಂಚೆ ಡ್ರೈವರ್ ಹಾರದಿಂದ ಒಂದು ಹೂವು ಕಿತ್ತು ಪ್ರಸಾದ ಅಂತ ಕೊಟ್ಟ. ಯಾರಿಗೆ? ಅವ್ಳಿಗೆ! ಅಲ್ಲೇ ಪಕ್ಕದಲ್ಲಿ ಕಂಬದ ಥರ ನಾನೂ ನಿಂತಿದೀನಿ, ಕಣ್ಣಿಗೆ ಕಾಣ್ಲಿಲ್ಲ. ಅವ್ಳು ಕಣ್ಣಿಗೊತ್ಕೊಂಡು ಮುಡ್ಕೊಂಡ್ಲು.

ಹೋಗ್ಲಿ, ಫೋಟೋ ಆದ್ರೂ ಆಗ್ಲಿ ಅಂತ ಕ್ಯಾಮೆರಾ ಸಾರು ಎಲ್ಲಿ ಅಂತ ಹುಡುಕಿದ್ರೆ, ಪೂಜೆ ಶುರುವಾದಾಗಿಂದ ಕಣ್ಮುಚ್ಚಿ ಕೈ ಮುಗ್ಕೊಂಡು ನಿಂತವ್ರೆ! ಗಾಡಿ ಧಡಕ್ ಅಂತ ಹೊರಟಾಗ ಎಚ್ಚರ ಆಗಿ, ಎಲ್ಲಿಗೆ ಬೇಕೋ ಅಲ್ಲಿಗೆ ಟಕ ಟಕ ಒತ್ತಿದ್ರು.

'ಏನ್ ಬೇಡ್ಕೊಂಡ್ರಿ ಸಾರ್ ಅಷ್ಟೊತ್ತು?' ಅಂದೆ.

'ಫೋಟೋ ಚೆನ್ನಾಗಿ ಬರ್ಲಿ ಅಂತ ಅಕ್ಕ.'

ಕಾಣೆಯಾದ ಇಬ್ರು

ಇಳಿಯೋ ಗಾಡಿ ಬರೋದು ಮಧ್ಯಾಹ್ನದ ಮೇಲೆ. ಅದಕ್ಕೆ ಇಂಜಿನ್ ಮುಂದೇನೇ ಇರ್ತದೆ. ಇನ್ನೊಂದು ಅವಕಾಶ ಐತೆ ಅಂತ ಜೀವ ಹಿಡ್ಕೊಂಡು ಕೂತೆ.

ಅವ್ಳು ಸುಮ್ನೆ ಕೂತಾಳಾ? ಕಾರಿಂದ ನಮ್ಮೆಜಮಾನ್ರ ತಲೆ ಮೇಲೆ ಹೊರಿಸ್ಕೊಂಡು ಬಂದಿದ್ದ ಸೂಟ್‌ಕೇಸ್ ತೆಗೆದ್ಲು. ಟ್ಯಾಂಕ್ ಹಿಂದಿನ ಸಣ್ಣ ರೂಮಿಗೆ ಹೋಗಿ ಹಳದಿ ಸೀರೆ ಉಟ್ಕೊಂಡು ಬಂದ್ಲು, ಕೊಡೆ ಹಿಡ್ದು ಹತ್ತು ಫೋಟೋ. ಆಮೇಲೆ ಚೂಡಿದಾರ, ಜಡೆ ಮುಂದಕ್ಕೆ, ಹತ್ತು ಫೋಟೋ. ಆಮೇಲೆ ಪ್ಯಾಂಟು, ಕರಿ ಕನ್ನಡಕ, ತಲೆ ಮೇಲೆ ಟೋಪಿ. ಅದೇ ಹಳಿ, ಅದೇ ಮರ. ನನ್ನ ಹತ್ರ ಇದ್ದಿದ್ದು ಮೈ ಮೇಲಿದ್ದ ಒಂದೇ ಸೀರೆ. 'ಸಾರ್, ಇಂಜಿನ್ ಬರೋ ಹೊತ್ತಿಗೆ ಕ್ಯಾಮೆರಾಗೆ ಉಸಿರು ಉಳಿಸಿ' ಅಂತ ಎರಡು ಸಲ ಅಂದೆ.

ಮೂರು ಗಂಟೆ ಹೊತ್ತಿಗೆ ನೀರಿನ ಅಣ್ಣ ಕೋಲು ಹಿಡ್ಕೊಂಡು ಓಡಿ ಬಂದ, ಮುಖ ಬಿಳಿಚ್ಕೊಂಡಿತ್ತು.

'ಅಕ್ಕಾ, ನಿಮ್ಮ ಜೊತೆ ಎಷ್ಟು ಜನ ಹೆಂಗಸ್ರು ಬಂದಿದ್ರಿ? ಹಳದಿ ಸೀರೆ ಅಮ್ಮ ಕಾಣ್ತಿಲ್ಲ. ಚೂಡಿದಾರ ಹಾಕಿದ್ದ ಹುಡ್ಗೀನೂ ಇಲ್ಲ. ಆನೆ ಓಡಾಡೋ ಜಾಗ ಇದು! ಅರ್ಧ ಗಂಟೆಯಿಂದ ಕಾಡಲ್ಲಿ ಕೂಗ್ತಾ ಇದೀನಿ.'

'ಕೂಗ್ಬೇಡ ಬಾರಣ್ಣ' ಅಂದೆ. 'ಇಬ್ರೂ ಸೂಟ್‌ಕೇಸಲ್ಲವ್ರೆ.'

ಮೊಳೆ

ಕೊನೇಗೂ ಇಳಿಯೋ ಗಾಡಿ ಬಂತು. ಇಂಜಿನ್ನು ಮುಂದೆ, ಬಿಸಿಲು ಹದ, ಕೋತಿಗಳೂ ದೂರ. ಮೊದ್ಲು ಅವ್ಳು ನಿಂತ್ಲು. ನಿಂತ್ಲು, ಬಗ್ಗಿದ್ಲು, ಕೈ ಚಾಚಿದ್ಲು, ತಿರುಗಿ ನೋಡಿದ್ಲು. ಆಮೇಲೆ 'ಬನ್ನಿ ಅಕ್ಕ' ಅಂದ್ರು. ನಾನು ನಮ್ಮೆಜಮಾನ್ರನ್ನ ರಟ್ಟೆ ಹಿಡ್ಕೊಂಡು ಎಳ್ಕೊಂಡು ಹೋಗಿ ನಿಲ್ಸಿ, ಹೊಟ್ಟೆ ಒಳಗೆ ಎಳ್ಕೊಳ್ಳಿ ಅಂತ ತಿವಿದು, ಉಸಿರು ಬಿಗಿ ಹಿಡ್ದು ನಕ್ಕೆ.

ಸಾರು ಒತ್ತಿದ್ರು. ಸದ್ದಿಲ್ಲ. ಮತ್ತೆ ಒತ್ತಿದ್ರು. 'ಅಕ್ಕಾ... ಬ್ಯಾಟರಿ ಹೋಯ್ತು.'

ಇನ್ನೊಂದು ಬ್ಯಾಟರಿ ಕಾರಲ್ಲಂತೆ. ಕಾರು ಬೆಟ್ಟದ ಮೇಲೆ. ಗಾಡಿ ಕೂ ಅಂತು, ಹೊರಟೋಯ್ತು. ನಮ್ಮೆಜಮಾನ್ರು ಇನ್ನೂ ಹೊಟ್ಟೆ ಒಳಗೆಳ್ಕೊಂಡೇ ನಿಂತಿದ್ರು. 'ಬಿಡ್ಲಾ?' ಅಂತ ಕೇಳಿದ್ರು. ವಾಪಸ್ ಬರೋವಾಗ ಕ್ಯಾಮೆರಾಗೆ ಬೆಲ್ಟ್ ಹಾಕ್ಲಿಲ್ಲ ನಾನು.

ಆ ವಾರ ಹಿಟ್ಟಿಗೆ ಬಂದೋರೆಲ್ಲ ಮೊಳೆ ನೋಡಿ 'ಎಲ್ಲಕ್ಕ ಫೋಟೋ?' ಅನ್ನೋರು. 'ದೊಡ್ಡದಲ್ವಾ, ಪ್ರಿಂಟ್ ಲೇಟು' ಅಂದೆ. ಎರಡನೇ ವಾರ ಮೊಳೆಗೆ ಹಿಟ್ಟಿನ ಸೌಟು ನೇತಾಕ್ದೆ.

ಮೂರನೇ ವಾರ ಸಾರು ಮೆಟ್ಲು ಹತ್ತಿ ಬರ್ತಾವ್ರೆ, ಕೈಲಿ ಬಾಗ್ಲಷ್ಟು ದೊಡ್ಡ ಪೊಟ್ಟಣ. 'ಅಕ್ಕಾ! ನಿಮ್ಮ ಫೋಟೋಗೆ ಫ್ಯಾಕ್ಟ್ರಿ ಸ್ಪರ್ಧೇಲಿ ಫಸ್ಟ್ ಪ್ರೈಜು!'

ನಾನು ಬಾಗ್ಲು ಎರಡೂ ರೆಕ್ಕೆ ತೆಗೆದು, ಸೌಟು ಇಳಿಸಿ, ಮೊಳೆ ಒರೆಸಿ ನಿಂತೆ. ಸಾರು ಸೀದಾ ಬಂದ್ರು, ಬಂದು ಬಲಕ್ಕೆ ತಿರುಗಿ ಅವ್ರ ಮನೆ ಒಳಗೆ ಹೋಗಿಬಿಟ್ರು! ಜಲಪಾತ ಕೆಳಗಿಳೀತು. ಸೋಫಾ ಮೇಲೆ ನಾನು ಹತ್ತಿದೆ, ಫೋಟೋದಲ್ಲಿ.

ಬೆಳಿಗ್ಗೆ ಗಾಡಿ ಹೊರಟಾಗ ಗಾಬರೀಲಿ ಒತ್ತಿದ್ರಲ್ಲ, ಅವಾಗ ಬಿದ್ದಿರೋದು. ಇಂಜಿನ್ನಿನ ಹೊಗೆ ಕೊಳವೆ ಸರ್ಯಾಗಿ ನನ್ನ ತಲೆ ಹಿಂದೆ ನಿಂತು, ಕಪ್ಪು ಹೊಗೆ ನನ್ನ ನೆತ್ತಿಯಿಂದಾನೇ ಹೊರಟಂಗೈತೆ. ಕಣ್ಣು ಎರಡೂ ಓರೆ, ಅವ್ಳ ಮುಡೀಲಿದ್ದ ಹೂವಿನ ಮೇಲೆ. ಹಲ್ಲು ಕಚ್ಕೊಂಡಿದೀನಿ. ಫೋಟೋದಲ್ಲಿ ಅವ್ಳ ಮುಖವೇ ಇಲ್ಲ, ಮೂಲೇಲಿ ಅರ್ಧ ಜಡೆ, ಒಂದು ಹೂವು, ಅಷ್ಟೇ.

ನಮ್ಮೆಜಮಾನ್ರು ಹತ್ರ ಹೋಗಿ, ದೂರ ನಿಂತು, ತಲೆ ಓರೆ ಮಾಡಿ ನೋಡಿದ್ರು. 'ದಿನಾ ಮನೇಲಿ ನೋಡೋದೇ. ಇಂಜಿನ್ ಒಂದೇ ಹೊಸದು' ಅಂದ್ರು.

ಈಗ ಹಿಟ್ಟಿಗೆ ಬರೋರೆಲ್ಲ ಆ ಕಡೆ ನೋಡ್ತಾರೆ, ಈ ಕಡೆ ನನ್ನ ನೋಡ್ತಾರೆ, ನಗು ತಡ್ಕೊಳ್ಳೋಕಾಗ್ದೆ ಡಬ್ಬ ಬಿಟ್ಟು ಹೋಗ್ತಾರೆ. ನಗ್ಲಿ. ಯಾರ ಮನೆ ಸೋಫಾ ಮೇಲೆ ಯಾರ ಮುಖ ಐತೆ ಅನ್ನೋದು ಲೆಕ್ಕ.

ಮೊನ್ನೆ ಅವ್ಳೇ ಬಂದ್ಲು. ಬಾಗ್ಲಲ್ಲಿ ನಿಂತು ಸೆರಗು ತುದಿ ತಿರುವ್ತಾ ಇದ್ಲು. ಮುಖ ಸಣ್ಣಗಾಗಿತ್ತು.

'ಅಕ್ಕಾ, ಮನೇಗೆ ಬಂದೋರೆಲ್ಲ ಇವ್ರು ಯಾರು, ಇವ್ರು ಯಾರು ಅಂತ ನಿಮ್ಮ ಬಗ್ಗೇನೇ ಕೇಳ್ತಾರೆ. ನಮ್ಮೆಜಮಾನ್ರೂ ನಂಗೇ ಬೈತಾರೆ. ಇನ್ನೂರು ಫೋಟೋ ತೆಗೆದ್ರೂ ನಿನ್ನ ಮುಖದಲ್ಲಿ ಒಂದೇ ನಗು, ಬೇರೇನೂ ಬರಲ್ಲ, ಅಕ್ಕನ್ನ ನೋಡಿ ಕಲಿ ಅಂತಾರೆ. ಮುಂದಿನ ತಿಂಗ್ಳು ಇನ್ನೊಂದು ಸ್ಪರ್ಧೆ ಇದೆ. ಆ ಥರ ನೋಡೋದು ಹೆಂಗೆ ಅಂತ ನಂಗೂ ಹೇಳ್ಕೊಡ್ತೀರಾ?'

ನಂಗೆ ಪಾಪ ಅನ್ನಿಸ್ತು. ಕೂರಿಸಿ ಟೀ ಕೊಟ್ಟೆ.

'ಅದು ಹೇಳ್ಕೊಟ್ರೆ ಬರೋ ವಿದ್ಯೆ ಅಲ್ಲ ಕಣಮ್ಮ' ಅಂದೆ. 'ಅದಕ್ಕೆ ಎದುರು ಮನೇಲಿ ನಿನ್ನಂಥೋಳೊಬ್ಳು ಇರ್ಬೇಕು.'